ನಿಧಾನಕ್ಕೂ ಪರೀಕ್ಷೆ ಬೇಕು

ಮಳೆಗಾಲದ ವಾರಾಂತ್ಯ ಬಂತೆಂದರೆ ಬಿಸಿಲೆ ಘಾಟಿ, ಹೆತ್ತೂರು, ಹಾನುಬಾಳು ರಸ್ತೆಗಳಲ್ಲಿ ಬೈಕುಗಳ ಸಾಲು. ಅತಿವೇಗದ ವಿರುದ್ಧ ಫಲಕವಿದೆ, ದಂಡವೂ ಇದೆ. ಆದರೆ ಸಕಲೇಶಪುರ, ಆಲೂರು ಸೀಮೆಯ ಕಡಿದಾದ ತಿರುವುಗಳಲ್ಲಿ ನಡಿಗೆಯ ವೇಗದಲ್ಲೂ ಬೈಕು ಮಗುಚುತ್ತದೆ. ಇದನ್ನು ಸವಾರನ ಅಜಾಗರೂಕತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಕಲಿಸದೇ ಇರುವುದನ್ನು ಅವನಿಂದ ನಿರೀಕ್ಷಿಸುತ್ತಿದ್ದೇವೆ.

ಬೀಳುವ ಬಗೆಯನ್ನೇ ನೋಡಿ. ಏರಿನಲ್ಲಿ ಎಡಕ್ಕೆ ಹೇರ್‌ಪಿನ್ ತಿರುವು, ಹ್ಯಾಂಡಲ್ ಪೂರ್ತಿ ತಿರುಗಿದೆ. ಎದುರಿಗೆ ಪಿಕಪ್ ಕಾಣಿಸಿತು. ಸವಾರ ಗಾಬರಿಯಲ್ಲಿ ಕ್ಲಚ್ ಒತ್ತಿ ಮುಂದಿನ ಬ್ರೇಕ್ ಹಿಡಿಯುತ್ತಾನೆ. ಎಂಜಿನ್ನಿನ ಎಳೆತ ತಪ್ಪಿದ ಗಾಡಿ ಒಳಮಗ್ಗುಲಿಗೆ ವಾಲುತ್ತದೆ. ಕಾಲೂರಲು ಹೋದರೆ ಆ ಬದಿಯ ನೆಲ ತಗ್ಗು, ಮೇಲೆ ಜಲ್ಲಿ, ಪಾಚಿ. ಅಷ್ಟೂ ಭಾರ ಪಾದದ ಮೇಲೆ ಕುಸಿಯುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ಈ ‘ಸಣ್ಣ’ ಬೀಳುವಿಕೆ ಸಣ್ಣದಾಗಿ ಉಳಿಯುವುದಿಲ್ಲ.

ತಪ್ಪಿಸುವ ದಾರಿ ಗುಟ್ಟೇನಲ್ಲ. ತಿರುವಿಗೆ ಮೊದಲೇ ಫಸ್ಟ್ ಗೇರ್‌ಗೆ ಬರಬೇಕು. ಹಾಫ್ ಕ್ಲಚ್‌ನಲ್ಲಿ ಎಳೆತ ಉಳಿಸಿಕೊಂಡು, ಹಿಂದಿನ ಬ್ರೇಕನ್ನಷ್ಟೇ ಹಗುರವಾಗಿ ತುಳಿದು, ಕಣ್ಣನ್ನು ಚಕ್ರದ ಮುಂದಲ್ಲ, ತಿರುವಿನ ಕೊನೆಯಲ್ಲಿ ನೆಡಬೇಕು. ಆದರೆ ಇದು ಓದಿ ಬರುವ ವಿದ್ಯೆಯಲ್ಲ, ಕೈಕಾಲಿಗೆ ರೂಢಿಯಾಗಬೇಕು.

ನಮ್ಮ ಚಾಲನಾ ಪರವಾನಗಿ ಪರೀಕ್ಷೆಯಲ್ಲಿ ಸಮತಟ್ಟು ಮೈದಾನದಲ್ಲಿ ‘8’ ಹಾಕಿ ತೋರಿಸಿದರೆ ಬಹುಪಾಲು ಮುಗಿಯಿತು. ಸುಮಾರು 112 ಕೆ.ಜಿ. ತೂಗುವ ಸ್ಪ್ಲೆಂಡರ್‌ನಲ್ಲಿ ತೇರ್ಗಡೆಯಾದವನು ಅದೇ ಗೇರ್ ಬೈಕ್ ಪರವಾನಗಿಯಲ್ಲಿ 196 ಕೆ.ಜಿ.ಯ ಹಿಮಾಲಯನ್ 450 ಏರಿ, ಹಿಂದೊಬ್ಬರನ್ನು ಕೂರಿಸಿಕೊಂಡು, ಚೀಲ ಬಿಗಿದು ಘಾಟಿ ಹತ್ತಬಹುದು. ಜಪಾನಿನಲ್ಲಿ 400 ಸಿಸಿ ಮೇಲಿನ ಬೈಕಿಗೆ ಬೇರೆಯೇ ಪರವಾನಗಿ. ಪರೀಕ್ಷೆಯಲ್ಲಿ 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಕಿರುದಾರಿಯನ್ನು ನಿಧಾನವಾಗಿ ದಾಟಬೇಕು. 400 ಸಿಸಿವರೆಗಿನದಕ್ಕೆ ಕನಿಷ್ಠ 7 ಸೆಕೆಂಡ್, ದೊಡ್ಡದಕ್ಕೆ 10. ಬೇಗ ದಾಟಿದರೆ ಅಂಕ ಕಡಿತ, ಚಕ್ರ ಜಾರಿದರೆ ಅನುತ್ತೀರ್ಣ. ಅಲ್ಲಿ ನಿಧಾನಕ್ಕೂ ಅಳತೆಗೋಲಿದೆ.

ಇಂಥ ಪರೀಕ್ಷೆ ನಮ್ಮಲ್ಲೂ ಬೇಕು ಎಂದರೆ ಜನಸಾಮಾನ್ಯರಿಗೆ ಹೊರೆ ಎಂಬ ಆಕ್ಷೇಪ ಸಹಜ. ಆದರೆ ಹಾಲಿನ ಕ್ಯಾನು ಕಟ್ಟಿಕೊಂಡು ತೋಟದ ರಸ್ತೆ ಇಳಿಯುವವರು, ಮಕ್ಕಳನ್ನು ಶಾಲೆಗೆ ಬಿಡುವವರು ನಿತ್ಯ ಓಡಾಡುವುದು ಇವೇ ತಿರುವುಗಳಲ್ಲಿ. ಕಾಲು ಮುರಿದರೆ ಕೂಲಿ ನಿಲ್ಲುವುದು ಅವರದ್ದೇ. ಒಂದು ಇಳಿಜಾರು, ಒಂದು ಕಿರುದಾರಿ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವ ಪರೀಕ್ಷೆ. ಇಷ್ಟಕ್ಕೆ ದೊಡ್ಡ ಖರ್ಚಿಲ್ಲ.

ರಸ್ತೆಯ ಪಾಲೂ ಇದೆ. ಪ್ರತಿ ಮಳೆಗಾಲದ ನಂತರ ತಿರುವುಗಳ ಒಳಅಂಚಿನ ಜಲ್ಲಿ, ಮಣ್ಣು ತೆಗೆಯಬೇಕು. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಮೊದಲ ಆದ್ಯತೆ ಎಂಬ ನಿಯಮ ಈಗಾಗಲೇ ಇದೆ. ಇಳಿಯುವವರು ತಿರುವಿನ ಮೇಲ್ಗಡೆಯೇ ತಡೆದು ನಿಂತರೆ ಹತ್ತುವ ಬೈಕು ನಡುತಿರುವಿನಲ್ಲಿ ನಿಲ್ಲುವ ಪ್ರಸಂಗವೇ ಬರುವುದಿಲ್ಲ. ಅದನ್ನು ಪ್ರತಿ ಹೇರ್‌ಪಿನ್ನಿನ ಮುಂದೆ ಕನ್ನಡದಲ್ಲಿ ಬರೆದು ಹಾಕಲಿ.

‘ನಿಧಾನವಾಗಿ ಚಲಿಸಿ’ ಎನ್ನುವ ಸರ್ಕಾರ, ನಿಧಾನವಾಗಿ ಚಲಿಸುವುದು ಹೇಗೆಂದು ಕಲಿಸುವ ಹೊಣೆಯನ್ನೂ ಹೊರಬೇಕು. ಪರವಾನಗಿ ಕೈಗಿಡುವ ಮೊದಲೇ ಆ ಕೆಲಸ ಆಗಬೇಕು.