ಷೇರು ಕೊಳ್ಳುವ ಮೊದಲು ದಲ್ಲಾಳಿಯನ್ನು ತೂಗಿ ನೋಡಿ

ಮೊನ್ನೆ ತವರೂರು ರಾಂಪುರದಿಂದ ಅತ್ತಿಗೆ ಫೋನ್ ಮಾಡಿದ್ದರು. ಬಟ್ಟೆ ಹೊಲಿದು ಕೂಡಿಟ್ಟ ಇಪ್ಪತ್ತು ಸಾವಿರ ರೂಪಾಯಿ ಇದೆಯಂತೆ. "ಷೇರಿಗೆ ಹಾಕೋಣ ಅಂತಿದೀನಿ ಕಣೇ. ಟಿ.ವಿ.ಯಲ್ಲಿ ದಿನಕ್ಕೊಂದು ಆ್ಯಪ್ ತೋರಿಸ್ತಾರೆ, ಯಾವುದು ಒಳ್ಳೇದು? ನಮ್ಮ ಹುಡುಗ ತನ್ನ ಮೊಬೈಲಲ್ಲೇ ಎಲ್ಲ ಮಾಡಿಕೊಡ್ತೀನಿ ಅಂತಾನೆ" ಎಂದರು. ನಿಮ್ಮಲ್ಲೂ ಎಷ್ಟೋ ಮಂದಿಗೆ ಇದೇ ಗೊಂದಲ, ಅಲ್ವಾ?

ನಾನು ಅತ್ತಿಗೆಗೆ ಶೇಂಗಾ ವ್ಯಾಪಾರ ನೆನಪಿಸಿದೆ. ನಮ್ಮ ಕಡೆ ಚಳ್ಳಕೆರೆ ಮಾರುಕಟ್ಟೆಗೆ ಮೂಟೆ ಒಯ್ಯುವ ಜಾಣ ರೈತ ದಲ್ಲಾಳಿಯ ನಗುಮುಖಕ್ಕೆ ಮರುಳಾಗುವುದಿಲ್ಲ. ತೂಕ ನನ್ನೆದುರಿಗೇ ಆಗುತ್ತಾ, ಕೊಡೋದು ಬಿಳಿ ಚೀಟಿನಾ, ಅಧಿಕೃತ ಪಟ್ಟಿನಾ ಅಂತ ಕೇಳುತ್ತಾನೆ. ಷೇರುಪೇಟೆಯ ಬ್ರೋಕರ್ ಕೂಡ ದಲ್ಲಾಳಿಯೇ. ಆ್ಯಪ್ ಎಂಬುದು ಅವನ ಅಂಗಡಿ, ಅಷ್ಟೆ.

ನೀವು ಕೊಂಡ ಷೇರು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಸಂಸ್ಥೆಯಲ್ಲಿ, ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿರುತ್ತದೆ. ಆದರೂ ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಏನು ಮಾಡಿತು? ಗ್ರಾಹಕರು ಬರೆದುಕೊಟ್ಟಿದ್ದ ಪವರ್ ಆಫ್ ಅಟಾರ್ನಿ ದುರ್ಬಳಕೆ ಮಾಡಿಕೊಂಡು, ಅವರ ಷೇರುಗಳನ್ನೇ ಅಡವಿಟ್ಟು ಸಾಲ ಎತ್ತಿತು. 2019ರ ನವೆಂಬರ್‌ನಲ್ಲಿ ಸೆಬಿ ಅದಕ್ಕೆ ತಡೆ ಹಾಕಬೇಕಾಯಿತು. ಆಮೇಲೆ ನಿಯಮಗಳು ಬಿಗಿಯಾಗಿವೆ, ನಿಜ. ಆದರೆ ನಮ್ಮ ಎಚ್ಚರ ನಮಗಿರಬೇಕು.

ಹಾಗಾಗಿ ಮೊದಲು ಬ್ರೋಕರ್ ಹೆಸರು ಸೆಬಿಯ ನೋಂದಣಿ ಪಟ್ಟಿಯಲ್ಲಿದೆಯೇ ನೋಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಖಚಿತ ಲಾಭ" ಎಂದು ಲಿಂಕ್ ಕಳಿಸುವ ಆ್ಯಪ್‌ಗಳತ್ತ ತಿರುಗಿಯೂ ನೋಡಬೇಡಿ.

ಎರಡನೆಯದು ಖರ್ಚು. ಬೆಂಗಳೂರಿನ ಜೆರೋಧಾ 2010ರಲ್ಲಿ ಶುರುವಾದ ಮೇಲೆ ಕಡಿಮೆ ದಲ್ಲಾಳಿಯ ಕಂಪನಿಗಳು ಬಹಳ ಬಂದಿವೆ. ಆದರೆ "ಉಚಿತ" ಎಂದರೆ ಪೂರ್ತಿ ಉಚಿತವಲ್ಲ. ಖಾತೆ ತೆರೆಯಲು ಎಷ್ಟು, ವರ್ಷದ ನಿರ್ವಹಣೆಗೆ ಎಷ್ಟು, ಮಾರುವಾಗ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮದು ಒಂದೇ ಡಿಮ್ಯಾಟ್ ಖಾತೆಯಾಗಿದ್ದು, ಅದರಲ್ಲಿರುವುದು ನಾಲ್ಕು ಲಕ್ಷದೊಳಗಿದ್ದರೆ 'ಬೇಸಿಕ್' ಖಾತೆ ಕೇಳಿ. 2024ರ ಸೆಪ್ಟೆಂಬರ್‌ನಿಂದ ಅದಕ್ಕೆ ವಾರ್ಷಿಕ ನಿರ್ವಹಣಾ ಶುಲ್ಕವಿಲ್ಲ.

ಮೂರನೆಯದು ನಡವಳಿಕೆ. ಖಾತೆ ತೆರೆಯುವ ಮೊದಲೇ ಸಹಾಯವಾಣಿಗೆ ಫೋನ್ ಮಾಡಿ ನೋಡಿ. ಕನ್ನಡದಲ್ಲಿ ತಾಳ್ಮೆಯಿಂದ ಉತ್ತರ ಕೊಡ್ತಾರಾ? ಫ್ಯೂಚರ್ಸ್, ಆಪ್ಷನ್ಸ್ ಅಂತ ದಿನವೂ ಆಸೆ ತೋರಿಸುವ ಕಂಪನಿ ನಮ್ಮಂಥವರಿಗೆ ಬೇಡ. ಅದರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಸಣ್ಣ ವ್ಯಾಪಾರಿಗಳು ಕೈಸುಟ್ಟುಕೊಂಡಿದ್ದಾರೆಂದು 2024ರಲ್ಲಿ ಸೆಬಿಯೇ ಹೇಳಿದೆ. ಖಾತೆಯಾದ ಮೇಲೆ ಒಂದೇ ಒಂದು ಸಣ್ಣ ಷೇರು ಕೊಂಡು, ಮಾರಿ, ಹಣ ನಿಮ್ಮ ಬ್ಯಾಂಕಿಗೆ ಸರಿಯಾಗಿ ಬರುತ್ತಾ ಪರೀಕ್ಷಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಖಾತೆಗೆ ಕೊಡುವ ಮೊಬೈಲ್ ನಂಬರು, ಇ-ಮೇಲ್, ಬ್ಯಾಂಕ್ ಖಾತೆ ಎಲ್ಲವೂ ನಿಮ್ಮದೇ ಆಗಿರಲಿ. ಒಟಿಪಿ ಬರುವುದೂ, ಷೇರು ಮಾರಾಟವಾದರೆ ಸಂದೇಶ ಬರುವುದೂ ಅಲ್ಲಿಗೇ. ಗಂಡ, ಮಗ, ಮೈದುನ ಎಷ್ಟೇ ಒಳ್ಳೆಯವರಿರಲಿ, ಪಾಸ್‌ವರ್ಡ್ ಅವರ ಕೈಲಿದ್ದರೆ ಖಾತೆಯಲ್ಲಿ ಹೆಸರು ಮಾತ್ರ ನಿಮ್ಮದು. ಬೀರುವಿನ ಕೀಲಿಕೈ ಸೆರಗಿಗೆ ಕಟ್ಟಿಕೊಂಡ ನಮಗೆ ಇದು ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ನಾಮಿನಿ ಹೆಸರು ಬರೆಸುವುದನ್ನೂ ಮರೆಯಬೇಡಿ.

ಮಕ್ಕಳ ಫೀಸು, ಆಸ್ಪತ್ರೆಯ ಖರ್ಚಿಗೆ ಎತ್ತಿಟ್ಟ ಹಣ ಮಾತ್ರ ಷೇರಿಗೆ ಬೇಡವೇ ಬೇಡ. ಅತ್ತಿಗೆ ಐದು ಸಾವಿರದಿಂದ ಶುರು ಮಾಡ್ತಾರಂತೆ. ಹುಡುಗ ಪಕ್ಕದಲ್ಲಿ ಕೂತು ಹೇಳಿಕೊಟ್ಟನಂತೆ. ಮೊಬೈಲ್ ಮಾತ್ರ ಅತ್ತಿಗೆ ಕೈಲೇ ಇತ್ತು. ನೀವೂ ಹಾಗೇ ಮಾಡಿ.