ಮುಪ್ಪಿನ ಲಾರಿ, ಮಳೆಗಾಲದ ಲೆಕ್ಕ

ಮೊದಲು ಅರೇಬಿಕಾ, ತರುವಾಯ ರೋಬಸ್ಟಾ ಎಂಬ ಕ್ರಮದಲ್ಲಿ ಕಾಫಿಯ ಕೊಯ್ಲು ನಡೆಯುವ ಡಿಸೆಂಬರಿನಿಂದ ಮಾರ್ಚಿನವರೆಗಿನ ಅವಧಿಯಲ್ಲಿ, ಕೊಡಗಿನ ಚೆಟ್ಟಳ್ಳಿಯ ಸುತ್ತಣ ತೋಟಗಳ ಕಣಗಳಿಂದ ಮೂಟೆ ಹೊತ್ತು ಸಿದ್ದಾಪುರದ ಕಡೆಗೋ ಕುಶಾಲನಗರದ ಸಂಸ್ಕರಣಾಗಾರಗಳ ಕಡೆಗೋ ಹೊರಡುವ ಲಾರಿಗೆ ಒಂದು ದಿನದ ವಿಶ್ರಾಂತಿಯೂ ದೊರೆಯುವುದಿಲ್ಲ; ಅದೇ ಲಾರಿಯು, ಜೂನಿನಲ್ಲಿ ಮಳೆ ಹಿಡಿದು, ಮಣ್ಣು ಸಡಿಲಗೊಂಡ ರಸ್ತೆಗಳಲ್ಲಿ ಮರದ ಸಾಗಣೆಗೂ ಭಾರೀ ವಾಹನಗಳಿಗೂ ಜಿಲ್ಲಾಡಳಿತವು ನಿರ್ಬಂಧ ವಿಧಿಸಿತೆಂದರೆ, ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ. ಇಂಜಿನ್ನು ಕೈಕೊಡುವುದು ಮಾತ್ರ ದುಡಿಯುವ ಕಾಲದಲ್ಲಿ. ಆದುದರಿಂದ ಹಳೆಯ ಇಂಜಿನ್ನನ್ನೇ ಬಿಚ್ಚಿ ಕಟ್ಟಿಸಬೇಕೆ, ಬೇರೊಂದನ್ನು ಕೂರಿಸಬೇಕೆ, ಲಾರಿಯನ್ನೇ ಮಾರಿ ಹೊಸದನ್ನು ಕೊಳ್ಳಬೇಕೆ ಎಂಬ ಪ್ರಶ್ನೆಗೆ ನಮ್ಮ ಮಾಲೀಕರು ಉತ್ತರ ಹುಡುಕುವುದು ಕಣದಲ್ಲಿ ಮೂಟೆಗಳು ಬಿದ್ದಿರುವಾಗ, ಆಳುಗಳು ಕಾದಿರುವಾಗ, ಅಂದರೆ ವಿವೇಕಕ್ಕೆ ಅತ್ಯಂತ ಪ್ರತಿಕೂಲವಾದ ಘಳಿಗೆಯಲ್ಲಿ. ಆಗ ಕಣ್ಣಿಗೆ ಕಾಣುವುದು ವಾಹನದ ವಯಸ್ಸೊಂದೇ. ನಿರ್ಣಯಕ್ಕೆ ಆಧಾರವಾಗತಕ್ಕದ್ದು ವಯಸ್ಸಲ್ಲ, ಅದು ವರ್ಷಕ್ಕೆ ಓಡುವ ದೂರ ಎಂಬುದು ನನ್ನ ವಾದ.

ಡೀಸೆಲ್ ಇಂಜಿನ್ನಿಗೆ ಕಿಡಿಯ ಹಂಗಿಲ್ಲ. ಸಿಲಿಂಡರಿನೊಳಗೆ ಅದುಮಲ್ಪಟ್ಟ ಗಾಳಿಯ ಕಾವೇ ಇಂಧನವನ್ನು ಹೊತ್ತಿಸುವುದರಿಂದ, ಲೈನರು ಸವೆದು ಪಿಸ್ಟನ್ ರಿಂಗುಗಳ ಸಂದಿನಿಂದ ಗಾಳಿ ಜಾರತೊಡಗಿದರೆ ಅದರ ಶಕ್ತಿಯ ಮೂಲವೇ ಕುಂದಿತೆಂದು ತಿಳಿಯಬೇಕು. ಸಮತಲದಲ್ಲಿ ಮರೆಯಾಗಿರುವ ಈ ದೌರ್ಬಲ್ಯವು, ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಗೆ ತುಂಬಿದ ಲಾರಿ ಏರುವಾಗ ಪ್ರಕಟವಾಗುತ್ತದೆ. ಆ ಎತ್ತರದಲ್ಲಿ ಗಾಳಿಯೇ ಹತ್ತರಲ್ಲೊಂದು ಪಾಲಿನಷ್ಟು ವಿರಳವಾದುದರಿಂದ, ಟರ್ಬೋ ಇಲ್ಲದ ಹಳೆಯ ಇಂಜಿನ್ನು ಆರೋಗ್ಯವಾಗಿದ್ದರೂ ತುಸು ಏದುವುದು ಸಹಜವೇ. ‘ಗಾಡಿ ಎಳೆಯುವುದಿಲ್ಲ’ ಎಂಬ ಚಾಲಕನ ದೂರಿನಲ್ಲಿ ಬೆಟ್ಟದ ಪಾಲೆಷ್ಟು, ಸವೆತದ ಪಾಲೆಷ್ಟು ಎಂಬುದನ್ನು ಕಿವಿಯಿಂದ ಅಳೆಯಲಾಗದು. ಕಪ್ಪು ಹೊಗೆ ಕಂಡೊಡನೆ ಇಂಜಿನ್ ಇಳಿಸಲು ಹೊರಡುವವರುಂಟು. ಆದರೆ ಕಟ್ಟಿಕೊಂಡ ಏರ್ ಫಿಲ್ಟರಿಗೂ, ಸೋರುವ ನಾಜಲ್ಲಿಗೂ, ಹದ ತಪ್ಪಿದ ಪಂಪಿಗೂ ಹೊಗೆ ಕಪ್ಪೇ, ಮತ್ತು ಇವುಗಳ ಪರಿಹಾರಕ್ಕೆ ತಗಲುವ ಹಣ ಅಲ್ಪ. ನೀಲಿ ಹೊಗೆ, ದಿನದಿಂದ ದಿನಕ್ಕೆ ಇಳಿಯುವ ಆಯಿಲ್ ಮಟ್ಟ, ಆಯಿಲ್ ಮುಚ್ಚಳ ತೆಗೆದಾಗ ಬುಸುಗುಟ್ಟಿ ಹೊರಬರುವ ಆವಿ, ಇವು ಬೇರೆ ಜಾತಿಯ ಲಕ್ಷಣಗಳು. ಕಂಪ್ರೆಷನ್ ಗೇಜನ್ನು ಒಂದೊಂದು ಸಿಲಿಂಡರಿಗೂ ಹಾಕಿ ನೋಡಿದರೆ, ಒಂದರಲ್ಲಿ ಮಾತ್ರ ಒತ್ತಡ ಇಳಿದಿದ್ದಲ್ಲಿ ದೋಷ ವಾಲ್ವಿಗೋ ಹೆಡ್ ಗ್ಯಾಸ್ಕೆಟ್ಟಿಗೋ ಸೀಮಿತವಾಗಿರಬಹುದು. ಎಲ್ಲವುಗಳಲ್ಲಿಯೂ ಇಳಿದಿದ್ದರೆ ಪೂರ್ಣ ಕೆಲಸಕ್ಕೆ ಮನಸ್ಸು ಮಾಡಿಕೊಳ್ಳಬೇಕು.

ಪೂರ್ಣ ಕೆಲಸವೆಂದರೆ ಹೊಸ ಲೈನರು, ಪಿಸ್ಟನ್ನು, ರಿಂಗು, ಬೇರಿಂಗು, ಹೆಡ್ಡಿನ ರಿಪೇರಿ, ಕ್ರ್ಯಾಂಕಿನ ಗ್ರೈಂಡಿಂಗು. ಕ್ರ್ಯಾಂಕನ್ನು 0.25 ಮಿಲಿಮೀಟರಿನಂತೆ ಹಂತಹಂತವಾಗಿ ಉಜ್ಜಿಸಬಹುದಾದರೂ ಅದಕ್ಕೊಂದು ಮಿತಿಯುಂಟು. ಹಿಂದೆಯೇ ಆ ಮಿತಿಯನ್ನು ಮುಟ್ಟಿರುವ ಕ್ರ್ಯಾಂಕು ಮತ್ತೊಂದು ಬಾಳಿಗೆ ಅರ್ಹವಲ್ಲ. ಇಷ್ಟಾದರೂ ಹಳೆಯ ಟಾಟಾ ಲಾರಿಗಳ ಮಾಲೀಕರಿಗೆ ಒಂದು ಭಾಗ್ಯವಿದೆ. 1954ರಲ್ಲಿ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಆರಂಭವಾದ ಸಹಯೋಗವು 1969ರಲ್ಲಿ ಕೊನೆಗೊಂಡರೂ, ಆ ವಂಶದ ಆರು ಸಿಲಿಂಡರಿನ 697 ಇಂಜಿನ್ನು ದಶಕಗಳ ಕಾಲ ಈ ದೇಶದ ರಸ್ತೆಗಳಲ್ಲಿ ಉಳಿದುದರಿಂದ, ಅದರ ಅಂಗಾಂಗಗಳನ್ನು ಬಲ್ಲ ಮೇಸ್ತ್ರಿಗಳೂ, ಬಿಡಿಭಾಗಗಳ ಅಂಗಡಿಗಳೂ, ಲೇತುಗಳೂ ನಮ್ಮ ಸಣ್ಣ ಪೇಟೆಗಳಲ್ಲಿಯೂ ಬೆಳೆದುಕೊಂಡವು. ಗುಜರಿಯಿಂದ ಬರುವ ‘ಓಡುವ ಇಂಜಿನ್’ ಕುರಿತು ನನಗೆ ಅಂಥ ಗೌರವವಿಲ್ಲ. ಅದರ ಪೂರ್ವಚರಿತ್ರೆ ಯಾರಿಗೂ ತಿಳಿಯದು. ಮೇಲಾಗಿ, 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ದೃಷ್ಟಿಯಿಂದ ಬದಲಾದ ಇಂಜಿನ್ನಿನ ನಂಬರು ಆರ್‌ಸಿಯಲ್ಲಿ ದಾಖಲಾಗದೆ ಹೋದರೆ, ಅಪಘಾತದ ಮರುದಿನ ವಿಮೆಯವರ ಮುಂದೆ ಮಾಲೀಕ ನಿರುತ್ತರನಾಗಬೇಕಾದೀತು.

ಈಗ ದೂರದ ಲೆಕ್ಕಕ್ಕೆ ಬರೋಣ. ಆರೋಗ್ಯವಾಗಿದ್ದಾಗ ಲೀಟರಿಗೆ 5 ಕಿಲೋಮೀಟರ್ ಓಡುತ್ತಿದ್ದ ಲಾರಿ, ಸವೆತದಿಂದ 4.5 ಕಿಲೋಮೀಟರಿಗೆ ಇಳಿಯಿತೆಂದು ಭಾವಿಸೋಣ. ತೋಟದ ಲಾರಿ ವರ್ಷಕ್ಕೆ 20,000 ಕಿಲೋಮೀಟರ್ ಓಡಿದರೆ ಹೆಚ್ಚಾಗಿ ಸುಡುವ ಡೀಸೆಲ್ ಸುಮಾರು 444 ಲೀಟರು; ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ನಷ್ಟ 40,000 ರೂಪಾಯಿ. ಹೊಸ ಲಾರಿಗಾಗಿ ನೂರಕ್ಕೆ ಹತ್ತರ ಬಡ್ಡಿಯಲ್ಲಿ 20 ಲಕ್ಷ ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿಯೇ 2 ಲಕ್ಷ. ಉಳಿಸಿದ ಡೀಸೆಲ್ಲು ಬಡ್ಡಿಯ ಐದನೆಯ ಒಂದು ಭಾಗಕ್ಕೂ ಮಿಗಿಲಾಗದು. ಅದೇ ರೋಗವುಳ್ಳ ಅದೇ ಇಂಜಿನ್ನು, ಮಂಗಳೂರು ಬೆಂಗಳೂರುಗಳ ನಡುವೆ ರಾತ್ರಿ ತಪ್ಪದೆ ಓಡಿ ವರ್ಷಕ್ಕೆ ಒಂದು ಲಕ್ಷ ಕಿಲೋಮೀಟರ್ ಸವೆಸುವ ಲಾರಿಯಲ್ಲಿದ್ದರೆ ಡೀಸೆಲ್ಲಿನ ನಷ್ಟವೊಂದೇ 2 ಲಕ್ಷವಾಗಿ ಬಡ್ಡಿಗೆ ಸರಿಸಮನಾಗುತ್ತದೆ. ದಾರಿಯಲ್ಲಿ ಕೆಟ್ಟು ನಿಲ್ಲುವ ನಷ್ಟ ಬೇರೆ. ಹೆದ್ದಾರಿಯವನಿಗೆ ಹೊಸ ಲಾರಿಯೇ ವಿವೇಕ, ತೋಟದವನಿಗೆ ಬಹುತೇಕ ರಿಪೇರಿಯೇ ವಿವೇಕ ಎಂದು ನಾನು ಹೇಳುವುದು ಇದರಿಂದಲೇ.

ಹೊಸ ವಾಹನದ ಪರವಾಗಿ ಹೇಳಬೇಕಾದ ಮಾತು ಇಲ್ಲದಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಇಂಜಿನ್ನು ಗಾಳಿಗೆ ಬಿಡುವ ಮಸಿ ಹಳೆಯದರೊಡನೆ ಹೋಲಿಸಲಾಗದಷ್ಟು ಕಡಿಮೆ, ಮತ್ತು ಆ ಗಾಳಿಯನ್ನು ಉಸಿರಾಡುವವರು ನಾವೇ. ಆದರೆ ಮಸಿಯನ್ನು ಹಿಡಿದಿಡುವ ಅದರ ಜಾಲರಿಯು ತನ್ನನ್ನು ತಾನೇ ಸುಟ್ಟು ಶುದ್ಧಗೊಳಿಸಿಕೊಳ್ಳಬೇಕಾದರೆ ದೀರ್ಘವೂ ವೇಗಯುಕ್ತವೂ ಆದ ಓಟ ಬೇಕು. ಕಣದಿಂದ ಗೋದಾಮಿಗೆ, ಗೋದಾಮಿನಿಂದ ಕಣಕ್ಕೆ, ಎರಡನೆಯ ಗೇರಿನಲ್ಲಿ ತೆವಳುವ ಲಾರಿಗೆ ಅಂಥ ಓಟ ಒದಗುವುದು ಅಪರೂಪ. ದೋಷ ಕಂಡಾಗ ಪರೀಕ್ಷಿಸಲು ಕಂಪ್ಯೂಟರು ಬೇಕು. ಪೇಟೆಯ ಮೇಸ್ತ್ರಿಯ ಪಾನಾ ಅಲ್ಲಿ ನಿರುಪಯೋಗಿ.

ರಿಪೇರಿಯ ಪಕ್ಷವೂ ನಿರುಪಾಧಿಕವಲ್ಲ. ಮಳೆಯ ನಾಡಿನಲ್ಲಿ ಚಾಸಿಯ ಆಯುಷ್ಯವನ್ನು ತಿನ್ನುವುದು ತುಕ್ಕು. ಮೇ ತಿಂಗಳಲ್ಲಿ ಪೊಟ್ಯಾಷ್ ಗೊಬ್ಬರ ಸಾಗಿಸಿದ ಲಾರಿಯ ತಳಪಾಯದಲ್ಲಿ ಉಳಿದ ಉಪ್ಪು ಆ ಕೆಲಸವನ್ನು ಇನ್ನಷ್ಟು ತ್ವರೆಗೊಳಿಸುತ್ತದೆ. ಅಂಥ ಚಾಸಿಯ ಮೇಲೆ ಹೊಸದಾಗಿ ಕಟ್ಟಿದ ಇಂಜಿನ್ನನ್ನು ಕೂರಿಸುವುದು ಗೋಡೆ ಕುಸಿಯುತ್ತಿರುವ ಮನೆಗೆ ಹೊಸ ಹೆಂಚು ಹೊದಿಸಿದಂತೆ. ಚಾಸಿಯನ್ನು ಮೊದಲು ತಟ್ಟಿ ನೋಡಿ, ಇಂಜಿನ್ನಿನ ಮಾತನ್ನು ಆಮೇಲೆ ಆಡಬೇಕು. ಕೊಯ್ಲು ಮುಗಿದ ಏಪ್ರಿಲಿನಲ್ಲಿಯೇ ಈ ಪರೀಕ್ಷೆಗಳನ್ನು ಮುಗಿಸಿ, ಜೂನಿನಲ್ಲಿ ಇಂಜಿನ್ ಇಳಿಸಿದವನಿಗೆ ಲೇತಿನವನನ್ನು ಅವಸರಪಡಿಸುವ ಕಾರಣವೂ ಇರುವುದಿಲ್ಲ, ಹೊಸ ರಿಂಗುಗಳು ಹೊಂದಿಕೊಳ್ಳುವವರೆಗೆ ಹಗುರ ಭಾರದಲ್ಲಿ ಓಡಿಸುವ ವ್ಯವಧಾನವೂ ಇರುತ್ತದೆ.

ಸರ್ಕಾರವು ಮಾತ್ರ ವಯಸ್ಸಿನ ಗಣನೆಯನ್ನೇ ಹಿಡಿದಿದೆ. ಎಂಟು ವರ್ಷ ಮೀರಿದ ಸರಕುವಾಹನ ವರ್ಷಕ್ಕೊಮ್ಮೆ ಅರ್ಹತಾ ಪತ್ರ (ಎಫ್‌ಸಿ) ಮಾಡಿಸಬೇಕೆಂಬುದು ಯುಕ್ತವೇ. ಆದರೆ ಹದಿನೈದು ವರ್ಷ ಮೀರಿದ ಭಾರೀ ವಾಹನದ ಎಫ್‌ಸಿ ಶುಲ್ಕವನ್ನು ಕೇಂದ್ರದ ನಿಯಮ 2022ರ ಏಪ್ರಿಲಿನಿಂದ 12,500 ರೂಪಾಯಿಗೆ ಏರಿಸಿದಾಗ, ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿರುವ ಲಾರಿಗೂ ಹೆದ್ದಾರಿಯಲ್ಲಿ ಹಗಲಿರುಳು ಓಡುವ ಲಾರಿಗೂ ಭೇದವೆಣಿಸಲಿಲ್ಲ. ಸಾವಿರಾರು ಬಸ್ಸುಗಳನ್ನು ನಡೆಸುವ ಕೆಎಸ್‌ಆರ್‌ಟಿಸಿ ತನ್ನ ಹಳೆಯ ಬಸ್ಸುಗಳನ್ನು ಕೆಂಗೇರಿ ಮತ್ತು ಹಾಸನದ ಕಾರ್ಯಾಗಾರಗಳಲ್ಲಿ ನವೀಕರಿಸಿ ಮತ್ತೆ ರಸ್ತೆಗಿಳಿಸುವಾಗ, ಪ್ರತಿಯೊಂದು ಬಸ್ಸು ಓಡಿದ ದೂರದ ದಾಖಲೆ ಅದರ ಕೈಯಲ್ಲಿರುತ್ತದೆ. ಒಂಟಿ ಲಾರಿಯ ಮಾಲೀಕನಲ್ಲಿ ಅಂಥ ದಾಖಲೆಯಿಲ್ಲ. ಇರುವ ಒಂದೇ ದಾಖಲೆಯಾದ ಹೊಗೆ ತಪಾಸಣೆಯ ಚೀಟಿಯನ್ನೂ, ಅವಧಿ ಮುಗಿಯಿತೆಂದು ಎಸೆದುಬಿಡುತ್ತಾನೆ. ಆ ಚೀಟಿಗಳಲ್ಲಿರುವ ಅಂಕಿಗಳನ್ನು ಕ್ರಮವಾಗಿ ಜೋಡಿಸಿ ನೋಡಿದರೆ ಇಂಜಿನ್ನಿನ ಇಳಿಜಾರು ವರ್ಷಕ್ಕೆ ಮುಂಚೆಯೇ ತಿಳಿದೀತು. ಎಫ್‌ಸಿ ಕೊಡುವ ಅಧಿಕಾರಿಯು ಹೊಗೆಯ ಅಂಕಿಯನ್ನೂ, ಓಡಿದ ದೂರವನ್ನೂ, ಚಾಸಿಯ ಸ್ಥಿತಿಯನ್ನೂ ಬರೆದು ಆರ್‌ಸಿಯೊಡನೆ ಸೇರಿಸತಕ್ಕದ್ದು. ಶುಲ್ಕವನ್ನು ಆ ಅಂಕಿಗಳಿಗೆ ತಕ್ಕಂತೆ ವಿಧಿಸತಕ್ಕದ್ದು. ಆ ಬರಹ ಮುಂದಿನ ಖರೀದಿದಾರನಿಗೂ ದೊರೆಯುವಂತಾದರೆ, ಗುಜರಿಗೆ ಹೋಗಬೇಕಾದ ಲಾರಿ ಬಣ್ಣ ಬಳಿಸಿಕೊಂಡು ಮತ್ತೊಬ್ಬರ ತೋಟವನ್ನು ಸೇರುವುದು ಈಗಿನಷ್ಟು ಸುಲಭವಾಗಿರದು.