ಹೊರಗಾಗುವುದು ತಪ್ಪಿದಾಗ

ಬನಶಂಕರಿಯಿಂದ ತಾಯಿಯೊಬ್ಬರು ಬರೆದಿರುವರು: ಇಪ್ಪತ್ತೆರಡು ವರ್ಷದ ಮಗಳು ನಾಲ್ಕೈದು ತಿಂಗಳಿಗೊಮ್ಮೆ ಹೊರಗಾಗುವಳು, ಗಲ್ಲದ ಮೇಲೆ ಒರಟು ಕೂದಲು ಮೂಡುತ್ತಿರುವುದು, ಸ್ಕ್ಯಾನು ಮಾಡಿಸಲಾಗಿ ಅಂಡಾಶಯದಲ್ಲಿ ನೀರುಗುಳ್ಳೆಗಳಿವೆಯೆಂದು ತಿಳಿದುಬಂದಿತು. ಮದುವೆಯಾದರೆ ಎಲ್ಲವೂ ತಾನಾಗಿ ಸರಿಹೋಗುವುದೆಂದು ಮನೆಯ ಹಿರಿಯರು ಹೇಳುತ್ತಿರುವರಂತೆ. ಅಲ್ಲಿಯವರೆಗೆ ಸುಮ್ಮನಿರಬಹುದೆ ಎಂಬುದು ಅವರ ಪ್ರಶ್ನೆ.

ಸುಮ್ಮನಿರಕೂಡದು, ತಾಯಿ. ಮದುವೆಯು ಈ ಬೇನೆಗೆ ಔಷಧವಲ್ಲ.

ಜಯನಗರ, ಜೆ.ಪಿ. ನಗರದ ಮನೆಗಳಲ್ಲಿ ಪಿ.ಸಿ.ಓ.ಡಿ. ಎಂದು ಮೆಲುದನಿಯಲ್ಲಿ ಹೇಳಲಾಗುವ ಈ ಸ್ಥಿತಿಯನ್ನು 1935ರಲ್ಲಿ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರಲ್ಲಿ ಕಂಡು ವರ್ಣಿಸಿದರು. ನಮ್ಮೂರಿನ ವಾಣಿವಿಲಾಸ ಆಸ್ಪತ್ರೆ ಆರಂಭವಾದದ್ದೂ ಅದೇ ವರ್ಷವೇ. ಅವರ ಕಣ್ಣಿಗೆ ಬಿದ್ದದ್ದು ಅಂಡಾಶಯವಾದ್ದರಿಂದ ಹೆಸರೂ ಅದಕ್ಕೇ ಅಂಟಿತು. ಆ ಹೆಸರು ಇಂದಿಗೂ ಜನರನ್ನು ದಾರಿ ತಪ್ಪಿಸುತ್ತಿದೆ. ಸ್ಕ್ಯಾನಿನಲ್ಲಿ ಕಾಣುವವು ನಿಜವಾದ ನೀರುಗುಳ್ಳೆಗಳಲ್ಲ, ಪಕ್ವವಾಗದೆ ನಡುವೆಯೇ ನಿಂತುಹೋದ ಅಂಡದ ಚೀಲಗಳು. ಅವುಗಳನ್ನು ಕೊಯ್ದು ತೆಗೆಯಬೇಕಾದ ಅಗತ್ಯವಿಲ್ಲ.

ಮೂಲ ಬಹುಮಟ್ಟಿಗೆ ಬೇರೆಡೆ ಇರುವುದು. ಇಂತಹ ಅನೇಕ ಸ್ತ್ರೀಯರ ದೇಹವು ಇನ್ಸುಲಿನ್ನಿನ ಮಾತಿಗೆ ಸರಿಯಾಗಿ ಕಿವಿಗೊಡದು. ಆದಕಾರಣ ದೇಹವು ಅದನ್ನು ಇನ್ನಷ್ಟು ಸುರಿಸುವುದು. ಹೀಗೆ ಹೆಚ್ಚಿದ ಇನ್ಸುಲಿನ್ನು ಅಂಡಾಶಯವನ್ನು ಕೆಣಕಿ, ಎಲ್ಲ ಹೆಂಗಸರಲ್ಲಿಯೂ ಅಲ್ಪವಾಗಿರುವ ಪುರುಷ ಹಾರ್ಮೋನನ್ನು ಅತಿಯಾಗಿಸುವುದು. ಗಲ್ಲದ ಕೂದಲು, ಮೊಡವೆ ಅದರ ಫಲ. ಅಂಡವು ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟಿರೋನ್ ಹುಟ್ಟದು. ಅದಿಲ್ಲದೆ ಗರ್ಭಕೋಶದ ಒಳಪೊರೆ ಕಳಚದೆ ದಪ್ಪವಾಗುತ್ತ ಹೋಗುವುದು. ವರ್ಷಗಟ್ಟಲೆ ಹೀಗೆಯೇ ಬಿಟ್ಟರೆ ಆ ಪೊರೆಯಲ್ಲಿ ಕ್ಯಾನ್ಸರ್ ತಲೆದೋರುವ ಸಂಭವ ಹೆಚ್ಚು. ಮೂರು ತಿಂಗಳು ಮೀರಿಯೂ ಹೊರಗಾಗದಿದ್ದರೆ ವೈದ್ಯರ ಬಳಿಗೆ ಹೋಗಬೇಕೆನ್ನುವುದು ಇದಕ್ಕಾಗಿಯೇ.

2003ರಲ್ಲಿ ರಾಟರ್‌ಡ್ಯಾಮಿನಲ್ಲಿ ತಜ್ಞರು ಒಪ್ಪಿದ ಲಕ್ಷಣಗಳು ಮೂರು: ಮುಟ್ಟಿನ ಏರುಪೇರು, ಪುರುಷ ಹಾರ್ಮೋನಿನ ಆಧಿಕ್ಯ, ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯದ ರೂಪ. ಥೈರಾಯಿಡ್ ಮುಂತಾದ ಬೇರೆ ಕಾರಣಗಳಿಲ್ಲವೆಂದು ರಕ್ತಪರೀಕ್ಷೆಯಿಂದ ತಿಳಿದ ಮೇಲೆ ಇವುಗಳಲ್ಲಿ ಎರಡಿದ್ದರೆ ಸಾಕು. ಆಗತಾನೇ ಮೈನೆರೆದ ಹುಡುಗಿಯರ ಮಾತು ಬೇರೆ. ಮೊದಲ ಒಂದೆರಡು ವರ್ಷ ಏರುಪೇರು ಸಹಜ, ಆ ವಯಸ್ಸಿನಲ್ಲಿ ಸ್ಕ್ಯಾನನ್ನು ನಂಬಿ ಹೆದರಬಾರದು.

ವೈದ್ಯರನ್ನು ಕಾಣುವಾಗ ಮಗಳ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಲು ಕೇಳಿರಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ನೋಡುವ ಪರೀಕ್ಷೆ ಉತ್ತಮ. ಮಧುಮೇಹವಿರುವ ಮನೆತನವಾದರಂತೂ ತಪ್ಪಿಸಬೇಡಿರಿ. ಮೈ ಸಣ್ಣಗಿದ್ದವರಿಗೂ ಈ ಬೇನೆ ಬರುವುದುಂಟು. ಮೈತೂಕ ಹೆಚ್ಚಿದ್ದರೆ, ಎಪ್ಪತ್ತು ಕಿಲೋದವಳು ಮೂರೂವರೆ ಕಿಲೋ ಇಳಿದರೂ ಅನೇಕರಿಗೆ ಮುಟ್ಟು ಮರಳುವುದು. ಸಂಜೆ ಮಾಧವನ್ ಪಾರ್ಕಿನಲ್ಲಿ ಅವಳ ಜೊತೆ ನೀವೂ ನಡೆಯಿರಿ. ಕಾಫಿಯ ಸಕ್ಕರೆಯನ್ನು ಮನೆಮಂದಿಯೆಲ್ಲ ಕಡಿಮೆ ಮಾಡಿರಿ. ಊಟದ ತಟ್ಟೆಯ ಮುಂದೆ ಅವಳೊಬ್ಬಳನ್ನೇ ಹಂಗಿಸುವುದು ನನಗಂತೂ ಒಪ್ಪಿಗೆಯಿಲ್ಲ. ಈ ಸ್ಥಿತಿಯವರಲ್ಲಿ ಮನಸ್ಸು ಕುಗ್ಗುವುದು ಮೊದಲೇ ಹೆಚ್ಚು.

ಮಕ್ಕಳಾಗವೆಂಬ ಭಯ ಬೇಡ. ಅಂಡವನ್ನು ಬಿಡಿಸುವ ಮಾತ್ರೆಗಳಿವೆ, ಹೆಚ್ಚಿನವರು ತಾಯಂದಿರಾಗುವರು. ವರನ ಕಡೆಯವರಿಗೆ ಹೇಳುವುದೋ ಬಿಡುವುದೋ ಎಂದು ಪತ್ರದ ಕೊನೆಯಲ್ಲಿ ಕೇಳಿರುವಿರಿ. ಅದನ್ನು ಮಗಳನ್ನೇ ಕೇಳಿರಿ, ದೇಹ ಅವಳದು. ಇಂದಿನಿಂದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಅವಳ ದಿನಗಳನ್ನು ಗುರುತುಹಾಕಿಸಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.